ಪ್ರಾಕ್ಟೀಸ್ ಮಾಡು ಪುಟ್ಟಿ

ಹೊಸ ಲ್ಯಾಪ್‌ಟಾಪ್ ತಗೊಂಡಾಗ ಹಳೆಯದಕ್ಕೆ ಲಿನಕ್ಸ್ ಹಾಕಿ ಊರಲ್ಲಿರೋ ಅಕ್ಕನ ಮಗಳಿಗೆ ಕೊಟ್ಟಿದ್ದೆ. ಜೊತೆಗೆ ಸೂಪರ್‌ಟಕ್ಸ್ ಅನ್ನೋ ಆಟ. ಮಾರಿಯೋ ಥರದ್ದೇ, ಆದರೆ ಇಲ್ಲಿ ಓಡಿ ಜಿಗಿಯೋದು ಒಂದು ಪೆಂಗ್ವಿನ್. ಪುಕ್ಕಟೆ ಬೇರೆ.

ಪ್ರತಿ ವಾರ ಫೋನಿನಲ್ಲಿ ಒಂದೇ ದೂರು: “ಮಾಮ, ಗುಂಡಿ ದಾಟಕ್ಕೇ ಆಗ್ತಿಲ್ಲ.” ನಾನು ಮೀಟಿಂಗ್ ಗಡಿಬಿಡಿಯಲ್ಲಿ, “ಪ್ರಾಕ್ಟೀಸ್ ಮಾಡು ಪುಟ್ಟಿ” ಅಂತ ಇಟ್ಟುಬಿಡುತ್ತಿದ್ದೆ.

ದೀಪಾವಳಿಗೆ ಹೋದಾಗ ಪಕ್ಕದಲ್ಲಿ ಕೂತು ನೋಡಿದೆ. ಕೀ ಒತ್ತಿದರೆ ಪೆಂಗ್ವಿನ್ ಸ್ವಲ್ಪ ಯೋಚನೆ ಮಾಡಿ ಜಿಗಿಯುತ್ತಿತ್ತು. ಫ್ಯಾನು ಹಿಟ್ಟಿನ ಗಿರಣಿ ಥರ ಕೂಗುತ್ತಿತ್ತು. ಎಫ್‌ಪಿಎಸ್ ತೋರಿಸೋ ಹಾಗೆ ಟರ್ಮಿನಲ್‌ನಿಂದ ಆಟ ಶುರು ಮಾಡಿದೆ: ಸೆಕೆಂಡಿಗೆ 11 ಫ್ರೇಮು! ಜಿಎಲ್‌ಎಕ್ಸ್‌ಇನ್ಫೋ ಓಡಿಸಿದೆ. ರೆಂಡರರ್ ಅನ್ನೋ ಕಡೆ ಇಂಟೆಲ್ ಅಂತ ಇರಬೇಕಿತ್ತು, ಇದ್ದದ್ದು ಎಲ್‌ಎಲ್‌ವಿಎಂಪೈಪ್. ಅಂದರೆ ಗ್ರಾಫಿಕ್ಸ್ ಚಿಪ್ ಆರಾಮಾಗಿ ಮಲಗಿದೆ, ಚಿತ್ರ ಬಿಡಿಸೋ ಕೆಲಸವನ್ನೂ ಪಾಪ ಸಿಪಿಯು ಒಂದೇ ಮಾಡ್ತಿದೆ.

ಮಾಡಿದ್ದು ನಾನೇ. ಇನ್‌ಸ್ಟಾಲ್ ಮಾಡುವಾಗ ಸ್ಕ್ರೀನ್ ಕಪ್ಪಾಗುತ್ತೆ ಅಂತ ಗ್ರಬ್‌ನಲ್ಲಿ ‘ನೋಮೋಡ್‌ಸೆಟ್’ ಸೇರಿಸಿದ್ದೆ. ಅದಿದ್ದರೆ ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್ ಏಳೋದೇ ಇಲ್ಲ. ತೆಗೆಯೋದು ಮರೆತಿದ್ದೆ. (ಆಫೀಸಲ್ಲಿ ಜೂನಿಯರ್ ಯಾರಾದರೂ ಹೀಗೆ ಮಾಡಿದ್ದರೆ ಎಷ್ಟು ಉಪದೇಶ ಕೊಡುತ್ತಿದ್ದೆನೋ.) ಆ ಪದ ಅಳಿಸಿ, ಅಪ್‌ಡೇಟ್-ಗ್ರಬ್ ಕೊಟ್ಟು ರೀಸ್ಟಾರ್ಟ್ ಮಾಡಿದೆ. ನಡುವೆ ಬಂದಿದ್ದ ಕರ್ನಲ್ ಅಪ್‌ಡೇಟುಗಳ ಪುಣ್ಯವೋ ಏನೋ, ಸ್ಕ್ರೀನ್ ಕಪ್ಪಾಗಲಿಲ್ಲ. 60 ಫ್ರೇಮು. ಫ್ಯಾನೂ ತಣ್ಣಗಾಯಿತು.

“ನನ್ ಕೈಯೇ ಸ್ಲೋ ಅನ್ಕೊಂಡಿದ್ದೆ ಮಾಮ,” ಅಂದಳು, ಆಟದಿಂದ ಕಣ್ಣು ತೆಗೆಯದೆ. ಮೂರು ತಿಂಗಳು ಹಾಗೆ ಅಂದುಕೊಂಡಿದ್ದಳು.

ಸಾರಿ ಪುಟ್ಟಿ ಅಂದೆ. ಕೇಳಿಸಿತೋ ಇಲ್ಲವೋ, ಅವಳಾಗಲೇ ಗುಂಡಿ ದಾಟಿ ಮುಂದೆ ಹೋಗಿದ್ದಳು.