ಕೆಂಪು ಸೆರಗು, ಕಪ್ಪು ಪಟ್ಟಿ

ಬಾಗಲಕೋಟೆಯಿಂದ ಅಮೀನಗಡದ ಕಡೆ ಹೊರಟ ಬಸ್ಸು ನಿಮ್ಮನ್ನು ಕಮತಗಿಯಲ್ಲಿ ಇಳಿಸಿದೆ. ನೇಕಾರರ ಓಣಿಗೆ ಹೊಕ್ಕ ಮೇಲೆ ದಾರಿ ಕೇಳಬೇಕಿಲ್ಲ, ಮಗ್ಗದ ಸದ್ದು ಹಿಡಿದು ಹೋದರಾಯಿತು. ಉರಿಬಿಸಿಲಿನಿಂದ ತಲೆ ಬಗ್ಗಿಸಿ ಒಳಗೆ ಕಾಲಿಟ್ಟರೆ ಮೊದಲಿಗೆ ಕಣ್ಣಿಗೆ ಕತ್ತಲೆ. ಆಮೇಲೆ ಒಂದೊಂದೇ ಕಾಣತೊಡಗುತ್ತದೆ: ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತ ನೇಕಾರರು, ಗೋಡೆಗೊಂದು ಟ್ಯೂಬ್‌ಲೈಟು, ಅದರ ಬೆಳಕಿಗೆ ಹೊಳೆಯುವ ಇಳಕಲ್ ಸೀರೆಯ ಕೆಂಪು ಸೆರಗು.

“ಬರ್ರಿ, ಕುಂಡ್ರ್ರಿ. ತಗೀರಿ ಫೋಟೋ.”

ಕ್ಯಾಮೆರಾ ಎತ್ತುತ್ತೀರಿ. ಲೆನ್ಸು ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಗುಂಯ್‌ಗುಡುತ್ತದೆ, ಕ್ಲಿಕ್ ಮಾತ್ರ ಆಗದು.

“ಕೆಟ್ಟೈತೇನ್ರಿ?” ಲಾಳಿ ನಿಲ್ಲಿಸದೆ ಕೇಳುತ್ತಾರೆ.

ಕೆಟ್ಟಿಲ್ಲ. ಆಟೋಫೋಕಸ್ಸಿಗೆ ಗೆರೆ ಬೇಕು, ಕಪ್ಪು–ಬಿಳುಪಿನ ಅಂಚು ಬೇಕು. ನೀವು ಅದನ್ನು ಸೀರೆಯ ಬರಿ ಒಡಲಿನ ಮೇಲೆ ಇಟ್ಟಿದ್ದೀರಿ, ಅಲ್ಲಿ ಹಿಡಿಯಲು ಏನೂ ಇಲ್ಲ. ಫೋಕಸ್ಸಿನ ಚೌಕವನ್ನು ದಡಿಯ ಗೆರೆಯ ಮೇಲೆ ಸರಿಸಿ, ಬಟನ್ನು ಅರ್ಧ ಒತ್ತಿ. ಹಿಡಿಯಿತು.

ಆದರೆ ಪರದೆಯಲ್ಲಿ ಬಂದ ಚಿತ್ರದ ತುಂಬ ಅಡ್ಡಡ್ಡ ಕಪ್ಪು ಪಟ್ಟಿ! ಸೆನ್ಸರ್ ಹೋಯಿತೆಂದು ಎದೆ ಧಸಕ್ಕೆನ್ನುವುದು ಇಲ್ಲೇ. ಗೋಡೆಯ ಕಡೆ ನೋಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಹಳೆಯ ಚೋಕ್‌ನ ಟ್ಯೂಬಿನ ಬೆಳಕು ಸೆಕೆಂಡಿಗೆ 100 ಸಲ ಕುಗ್ಗಿ ಹಿಗ್ಗುತ್ತದೆ, ಅಗ್ಗದ ಎಲ್‌ಇಡಿಯದೂ ಬಹುಪಾಲು ಅದೇ ಆಟ. ಕಣ್ಣಿಗೆ ಗೊತ್ತಾಗದು. ನೀವೋ ಲಾಳಿಯನ್ನು ಗಾಳಿಯಲ್ಲೇ ನಿಲ್ಲಿಸುವ ಹುಮ್ಮಸ್ಸಿನಲ್ಲಿ ಶಟರ್ 1/500ಕ್ಕೆ ಇಟ್ಟು, ಸದ್ದಾಗದಿರಲೆಂದು ಸೈಲೆಂಟ್ ಮೋಡ್ ಬೇರೆ ಹಾಕಿದ್ದೀರಿ. ಆ ಮೋಡಿನಲ್ಲಿ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ: ಕೆಲವು ಸಾಲಿಗೆ ಬೆಳಕು ಸಿಕ್ಕಿದೆ, ಕೆಲವಕ್ಕೆ ಸಿಕ್ಕಿಲ್ಲ. ಮೆಕ್ಯಾನಿಕಲ್ ಶಟರ್ ಹಾಕಿ, 1/100ಕ್ಕೆ ಇಳಿಸಿ, ಸಾಲದಿದ್ದರೆ 1/50ಕ್ಕೆ. ಪಟ್ಟಿ ಮಾಯ.

ಈಗ ಲಾಳಿ ಮಸುಕು. ಇರಲಿ ಬಿಡಿ. ಅಲುಗದೆ ನಿಂತ ಲಾಳಿಯ ಫೋಟೋ ನೋಡಿದರೆ ನನಗಂತೂ ಮಗ್ಗ ನಿಂತೇಹೋದಂತೆ ಅನಿಸುತ್ತದೆ. ಆದರೆ ಮಸುಕು ಎಲ್ಲಿದೆ ಎಂದು ನೋಡುವುದು ಬೇಕು. ಲಾಳಿ, ಕೈ ಇಷ್ಟೇ ಮಸುಕಾಗಿದ್ದರೆ ಅದು ಕೆಲಸದ ಓಟ. ಗೋಡೆಯ ಕ್ಯಾಲೆಂಡರೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಡುಗಿದ್ದು ನಿಮ್ಮ ಕೈ, ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ. ಕ್ಯಾಲೆಂಡರಿನ ತಾರೀಖು ಸ್ಪಷ್ಟ, ಮುಖ ಮಾತ್ರ ಮಂಜೆಂದರೆ ಫೋಕಸ್ಸು ಹಿಂದಕ್ಕೆ ಜಾರಿದೆ.

ಅಷ್ಟರಲ್ಲಿ ಒಳಗಿಂದ ಅಜ್ಜಿ ಬಂದು ಪರದೆಗೆ ಕಣ್ಣು ಹಚ್ಚುತ್ತಾರೆ. “ಕೆಂಪ ಹಿಂಗ ಇರಂಗಿಲ್ರಿ. ರಾಡಿ ಆಗೈತಿ.”

ನಿಜ. ಟೋಪ ತೆನಿ ಸೆರಗಿನ ಬಿಳಿ ತೆನೆಗಳು ಕಾಣುತ್ತಿವೆ, ನಡುವಿನ ಕೆಂಪಿನಲ್ಲಿ ಒಂದೆಳೆಯೂ ಇಲ್ಲ. ಹಿಸ್ಟೋಗ್ರಾಮ್ ಸರಿಯಾಗೇ ಇದೆಯಲ್ಲ? ನೀವು ನೋಡುತ್ತಿರುವುದು ಒಟ್ಟು ಬೆಳಕಿನ ಲೆಕ್ಕ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ತೆರೆಯಿರಿ: ಕೆಂಪೊಂದೇ ಬಲಗೋಡೆಗೆ ಹೋಗಿ ಅಮರಿಕೊಂಡಿದೆ. ಎಕ್ಸ್‌ಪೋಶರ್ ಮೂರನೇ ಎರಡು ಸ್ಟಾಪ್ ಇಳಿಸಿ. ಬಿಳಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ ಕೂಡಿಸಿ, ಟ್ಯೂಬಿನ ಹಸಿರು ಛಾಯೆಯೂ ಹೋಗುತ್ತದೆ. ಅಜ್ಜಿಗೆ ಮತ್ತೆ ತೋರಿಸಿ. ಬಣ್ಣದ ವಿಷಯದಲ್ಲಿ ಈ ಮನೆಯವರ ಕಣ್ಣಿನ ಮುಂದೆ ಕ್ಯಾಮೆರಾದ ಪರದೆ ಯಾವ ಲೆಕ್ಕಕ್ಕೂ ಇಲ್ಲ.

ಚಿಕ್ಕಿ ದಡಿಯ ಸಣ್ಣ ನೇಯ್ಗೆಯ ಮೇಲೆ ಕಾಮನಬಿಲ್ಲಿನಂಥ ಅಲೆ ಎದ್ದಿದ್ದರೆ ಪೂರ್ತಿ ಹಿಗ್ಗಿಸಿ ನೋಡಿ. ಹೋದರೆ ಅದು ಪರದೆಯ ಚೇಷ್ಟೆ. ಉಳಿದರೆ ಎಳೆಗಳ ಜಾಲಕ್ಕೂ ಸೆನ್ಸರಿನ ಜಾಲಕ್ಕೂ ತಿಕ್ಕಾಟ ಬಿದ್ದಿದೆ. ಅರ್ಧ ಹೆಜ್ಜೆ ಸರಿದು, ಕೋನ ತುಸು ಬದಲಿಸಿ.

ಲೆನ್ಸ್ ಬದಲಿಸುವುದಿದ್ದರೆ ಹೊರಗೆ ಬನ್ನಿ, ಒಳಗೆ ಹತ್ತಿಯ ಧೂಳು ಹಾರಾಡುತ್ತಿದೆ. ಆಗಲೇ ಹೊಕ್ಕಿದೆಯೋ ಏನೋ ಎಂಬ ಅನುಮಾನವಿದ್ದರೆ ಎಫ್/16ಕ್ಕೆ ಇಟ್ಟು ಬರಿ ಆಕಾಶದ ಫೋಟೋ ತೆಗೆಯಿರಿ. ಎಲ್ಲ ಚಿತ್ರದಲ್ಲೂ ಅದೇ ಜಾಗದಲ್ಲಿ ಚುಕ್ಕೆ ಬಂದರೆ ಸೆನ್ಸರಿನ ಮೇಲೆ ಕಸವಿದೆ. ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರಿನಿಂದ ಊದಿ. ಬಾಯಿಂದ ಊದಿದರೆ ಕಸದ ಜತೆಗೆ ಉಗುಳೂ ಸೇರುತ್ತದೆ. ಸ್ಕ್ರೂಡ್ರೈವರಿನ ತಂಟೆಗಂತೂ ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಶಿನ ಕೆಪ್ಯಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.

ಮತ್ತೆ ಒಳಗೆ ಹೋದರೆ ನೇಕಾರರು ಕೈ ಒರೆಸಿಕೊಂಡು ಕ್ಯಾಮೆರಾ ಇಸಿದುಕೊಳ್ಳುತ್ತಾರೆ. “ಕೊಂಡಿ ಕಾಣತೈತೇನ್ರಿ?” ಒಡಲಿನ ನೂಲಿಗೆ ಸೆರಗಿನ ನೂಲನ್ನು ಎಳೆಗೆ ಎಳೆ ಸಿಕ್ಕಿಸಿದ ಜಾಗ ಅದು, ಇಳಕಲ್ ಸೀರೆಯ ಗುರುತೇ ಅದು. ಹಿಗ್ಗಿಸುತ್ತೀರಿ. ಸಾಲಾಗಿ ಕಾಣುತ್ತಿದೆ.

“ಹಂಗಾರ ವಾಟ್ಸಾಪಿಗೆ ಹಾಕ್ರಿ.”

ಹಾಕುತ್ತೀರಿ. ಅವರು ತಮ್ಮ ಫೋನಿನಲ್ಲಿ ಹಿಗ್ಗಿಸಿ ನೋಡಿ, “ಕೊಂಡಿ ಎಲ್ಲಿ ಹೋತ್ರೀ?” ಎನ್ನುತ್ತಾರೆ. ವಾಟ್ಸಾಪು ಫೋಟೋವನ್ನು ಹಿಂಡಿ ಕಳಿಸಿದೆ. ಅದನ್ನೇ ಡಾಕ್ಯುಮೆಂಟ್ ಮಾಡಿ ಇನ್ನೊಮ್ಮೆ ಕಳಿಸಿ.