ಹೇಳದೆ ಉಳಿದ ಗುಳಿಗೆಯ ಹೆಸರು

ಧಾರವಾಡ ಬಿಟ್ಟು ಮುಂಬಯಿಗೆ ಬಂದು ನನಗೆ ನಲವತ್ತು ವರುಷಗಳಾದವು. ಲೋಕಲ್ ಗಾಡಿಯಲ್ಲಿ ನುಗ್ಗಲು ಕಲಿತೆ, ಮರಾಠಿಯಲ್ಲಿ ಚೌಕಾಶಿ ಮಾಡಲು ಕಲಿತೆ. ಆದರೆ ಕೆಲವು ಮಾತುಗಳನ್ನು ಗಂಡಸರೆದುರು ಆಡಬಾರದೆಂಬ ಸಂಕೋಚ ಮಾತ್ರ ಅಂದು ತಂದ ಟ್ರಂಕಿನೊಡನೆ ಬಂದದ್ದು ಇನ್ನೂ ಮನೆಯಲ್ಲೇ ಇದೆ. ಆ ಸಂಕೋಚ ಅಕ್ಕನ ಮಗಳ ಜೀವಕ್ಕೇ ಸಂಚಕಾರ ತಂದಿತ್ತು. ಬರೆಯೆಂದು ಆಕೆಯೇ ಹೇಳಿದ್ದಾಳೆ. ಹೆಸರು ಮಾತ್ರ ಬೇಡವೆಂದಿದ್ದಾಳೆ.

2022ರ ಜುಲೈ. ಹುಡುಗಿಗೆ ಆಗ 26, ಲಗ್ನವಾಗಿರಲಿಲ್ಲ. ಮುಟ್ಟು ಸರಿಯಾಗಿ ಬರುತ್ತಿಲ್ಲವೆಂದು ಅಕ್ಕ ಅವಳನ್ನು ಡಾಕ್ಟರರ ಬಳಿಗೆ ಕರೆದೊಯ್ದಿದ್ದಳು. ಐದೇ ನಿಮಿಷದಲ್ಲಿ 21 ಗುಳಿಗೆಗಳ ಪಟ್ಟಿ ಬರೆದುಕೊಟ್ಟರಂತೆ. ಅದು ಗರ್ಭನಿರೋಧಕ ಗುಳಿಗೆಯೆಂದು ಅವರು ಹೇಳಲಿಲ್ಲ. ಔಷಧದ ಅಂಗಡಿಯವನ ನೋಟ ಹೇಳಿತು. ಅಕ್ಕ ನನ್ನೊಬ್ಬಳಿಗೆ ಪಿಸುಗುಟ್ಟಿ, "ಯಾರ ಮುಂದೂ ಅನಬ್ಯಾಡ" ಎಂದಳು.

ಮೂರನೆಯ ಪಟ್ಟಿ ನಡೆಯುತ್ತಿದ್ದಾಗ ಹುಡುಗಿ, "ಮೌಶಿ, ಎಡಗಾಲಿನ ಮೀನಖಂಡ ಹಿಡದಂಗ ಆಗೇದ" ಎಂದಳು. "ಡೊಂಬಿವಲಿಯಿಂದ ನಿಂತಕೊಂಡು ಹೋಗ್ತಿಯಲ್ಲ, ಅದಕ್ಕ. ಬಿಸಿನೀರು ಹಾಕ್ಕೋ" ಎಂದೆ. ನನ್ನ ವೈದ್ಯಕೀಯ ಅಲ್ಲಿಗೆ ಮುಗಿಯಿತು. ನಾಲ್ಕನೆಯ ದಿನ ಅವಳಿಗೆ ಮೆಟ್ಟಿಲು ಹತ್ತಲಾಗದಷ್ಟು ಏದುಸಿರು, ಎದೆಯಲ್ಲಿ ಚುಚ್ಚಿದಂತೆ ನೋವು.

ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರನೊಬ್ಬ ಕೇಳಿದ: ದಿನವೂ ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಾಳೆಯೆ? ಹಿಂದೆ ಭಾವ ನಿಂತಿದ್ದರು, ವಾರ್ಡಿನ ಹುಡುಗರು ನಿಂತಿದ್ದರು. ಅಕ್ಕ "ಏನೂ ಇಲ್ಲ" ಎಂದಳು. ನನಗೆ ಗೊತ್ತಿತ್ತು. ನಾನು ನೆಲ ನೋಡಿದೆ. ಡಾಕ್ಟರು ಅದನ್ನು ಬರೆದುಕೊಂಡರು.

ಎಕೋ ಪರೀಕ್ಷೆಯಲ್ಲಿ ಹೃದಯದ ಬಲಭಾಗ ಉಬ್ಬಿರುವುದು ಕಂಡಿತು. ಇಷ್ಟು ಸಣ್ಣ ವಯಸ್ಸಿನವಳಿಗೆ ಯಾಕೆಂದು ಅವರು ತಲೆ ಕೆರೆದುಕೊಳ್ಳುತ್ತಿರಬೇಕಾದರೆ ಹುಡುಗಿಯೇ ಆಮ್ಲಜನಕದ ಮುಖವಾಡ ಸರಿಸಿ ಗುಳಿಗೆಯ ಹೆಸರು ಹೇಳಿದಳು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಣುಕು ಹೃದಯ ದಾಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಎಂಟು ದಿನ ಆಸ್ಪತ್ರೆ, ಆರು ತಿಂಗಳು ರಕ್ತ ತೆಳುವಾಗಿಸುವ ಔಷಧ. ಬದುಕಿಕೊಂಡಳು.

ಆ ಎಂಟು ದಿನ ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಓದಿದ್ದೇ ಓದಿದ್ದು. ಗುಳಿಗೆಯಲ್ಲಿರುವ ಈಸ್ಟ್ರೋಜನ್ ಯಕೃತ್ತಿನ ಮೇಲೆ ಪ್ರಭಾವ ಬೀರಿ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. 1960ರಲ್ಲಿ ಅಮೆರಿಕದಲ್ಲಿ ಮಂಜೂರಾದ ಮೊದಲ ಗುಳಿಗೆಯಲ್ಲಿ ಅದು 150 ಮೈಕ್ರೋಗ್ರಾಂ ಇತ್ತು. ನಮ್ಮ ಮಾಲಾ-ಡಿಯಲ್ಲಿ 30. ಇಂಥ ಅಪಾಯದ ಮೊದಲ ವರದಿ 1961ರಲ್ಲೇ ಇಂಗ್ಲೆಂಡಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. 1970ರಲ್ಲಿ ಅಮೆರಿಕದ ಸೆನೆಟರ್ ಗೇಲಾರ್ಡ್ ನೆಲ್ಸನ್ ವಿಚಾರಣೆ ನಡೆಸಿದಾಗ, ಗುಳಿಗೆ ನುಂಗುವ ಹೆಂಗಸರನ್ನೇಕೆ ಸಾಕ್ಷಿಗೆ ಕರೆದಿಲ್ಲವೆಂದು ಸಭಿಕರ ನಡುವಿನಿಂದ ಹೆಂಗಸರೇ ಎದ್ದು ಕೂಗಿದರು. ಪೊಟ್ಟಣದೊಳಗೆ ಎಚ್ಚರಿಕೆಯ ಚೀಟಿ ಬಂದದ್ದು ಆ ಗಲಾಟೆಯ ನಂತರ. ಕೂಗಲು ಬಾರದ ನಮ್ಮಂಥವರು ಆ ಚೀಟಿಯನ್ನಾದರೂ ಓದಬೇಡವೆ? ನಾವು ಅದನ್ನು ಪೊಟ್ಟಣದೊಡನೆ ಕಸಕ್ಕೆ ಎಸೆದಿದ್ದೆವು.

ಹಾಗೆಂದು ಗುಳಿಗೆಯನ್ನು ಶಪಿಸಲು ನಾನು ತಯಾರಿಲ್ಲ. ಅಮೆರಿಕದ ಔಷಧ ಇಲಾಖೆಯ ಲೆಕ್ಕದಂತೆ, ಗುಳಿಗೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗೆ ರಕ್ತ ಹೆಪ್ಪುಗಟ್ಟಿದರೆ, ತೆಗೆದುಕೊಳ್ಳುವವರಲ್ಲಿ 3ರಿಂದ 9 ಮಂದಿಗೆ. ಬಸುರಿಯರಲ್ಲಿ 5ರಿಂದ 20. ಐದಾರು ಹೆತ್ತು ಸೊರಗಿದ ನಮ್ಮ ಅಜ್ಜಿಯಂದಿರಿಗೆ ಈ ಗುಳಿಗೆ ಸಿಕ್ಕಿದ್ದರೆ ವರವೇ ಆಗುತ್ತಿತ್ತು. ಆದರೆ 35 ದಾಟಿ ಧೂಮಪಾನ ಮಾಡುವವರು, ರಕ್ತದೊತ್ತಡವಿರುವವರು, ಕಣ್ಣೆದುರು ಮಿಂಚು ಹೊಡೆದು ಅರೆತಲೆನೋವು ಬರುವವರು ಈ ಗುಳಿಗೆಯಿಂದ ದೂರವಿರಬೇಕು. ಅವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಭಯವೂ ಹೆಚ್ಚು. ಮನೆತನದಲ್ಲಿ ರಕ್ತ ಹೆಪ್ಪುಗಟ್ಟಿದವರಿದ್ದರೆ ಮೊದಲೇ ಹೇಳಬೇಕು. ಹುಡುಗಿಯ ಸೋದರತ್ತೆಗೆ ಬಾಣಂತನದಲ್ಲಿ ಅದೇ ಆಗಿತ್ತು. ಡಾಕ್ಟರು ಕೇಳಲಿಲ್ಲ, ನಾವು ಹೇಳಲಿಲ್ಲ.

ಸಂಘದಲ್ಲಿ ಪರಿಚಯವಿರುವ ವಕೀಲರೊಬ್ಬರ ಬಳಿ ಹೋದೆವು. ದುಡ್ಡು ಕೊಟ್ಟು ಪಡೆದ ವೈದ್ಯಸೇವೆ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಚಿಕಿತ್ಸೆಯ ಅಪಾಯಗಳನ್ನು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು 2008ರ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಹೇಳಿದೆ. 2019ರ ಗ್ರಾಹಕ ಕಾಯಿದೆಯಂತೆ, ತಕ್ಕ ಎಚ್ಚರಿಕೆ ಕೊಡದ ತಯಾರಕನನ್ನೂ ಹಿಡಿಯಬಹುದು. ಆದರೆ ನಮ್ಮ ಗುಳಿಗೆಯ ಚೀಟಿಯಲ್ಲಿ ಎಲ್ಲ ಬರೆದಿತ್ತು. "ಕಂಪನಿ ಕೈಗೆ ಸಿಗೂದಿಲ್ಲರೀ" ಎಂದರು ವಕೀಲರು. ಅಮೆರಿಕದಲ್ಲಿ ಕ್ಯಾರೊಲ್ ಮ್ಯಾಕ್‌ಡೊನಾಲ್ಡ್ ಎಂಬಾಕೆಗೆ ಪಾರ್ಶ್ವವಾಯು ಹೊಡೆದಾಗ, ಚೀಟಿಯಲ್ಲಿ ರಕ್ತ ಹೆಪ್ಪುಗಟ್ಟುವ ಮಾತಿತ್ತೇ ಹೊರತು ಪಾರ್ಶ್ವವಾಯುವಿನ ಹೆಸರಿರಲಿಲ್ಲ. ಡಾಕ್ಟರರಿಗೆ ತಿಳಿಸಿದರೆ ಸಾಲದು, ರೋಗಿಗೇ ನೇರವಾಗಿ ಎಚ್ಚರಿಕೆ ಕೊಡುವುದು ಕಂಪನಿಯ ಹೊಣೆಯೆಂದು ಮ್ಯಾಸಚೂಸೆಟ್ಸ್ ನ್ಯಾಯಾಲಯ 1985ರಲ್ಲಿ ತೀರ್ಪಿತ್ತಿತು. ಒಂದು ಶಬ್ದದ ಮೇಲೆ ನಿಂತ ಮೊಕದ್ದಮೆ!

ನಮ್ಮದೂ ಒಂದು ಶಬ್ದದ ಮೇಲೆಯೇ ನಿಂತಿತು. ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ನಿಯಮವಿದೆ, ಆಸ್ಪತ್ರೆಯವರು ಕೊಟ್ಟರು. ಮೊದಲ ಹಾಳೆಯಲ್ಲೇ, ನಿತ್ಯ ಔಷಧ ಎಂಬುದರ ಮುಂದೆ 'ಇಲ್ಲ' ಎಂದಿತ್ತು. ವಕೀಲರು ಕನ್ನಡಕ ತೆಗೆದು, "ಎದುರಿನವರು ಹಿಡಿಯೂದು ಇದನ್ನs" ಎಂದರು. ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ದೂರು ಕೊಡಲು ಎರಡು ವರ್ಷದ ಗಡುವು. ಕೊಡುವುದೇ ಬೇಡವೆಂದು ಭಾವ ಹಠ ಹಿಡಿದರು. ಹುಡುಗಿಯ ಹೆಸರಿನ ಪಕ್ಕದಲ್ಲಿ ಗರ್ಭನಿರೋಧಕವೆಂಬ ಶಬ್ದ ಕಾಗದದ ಮೇಲೆ ಬಂದರೆ ಲಗ್ನದ ಗತಿಯೇನೆಂದು ಅವರ ಚಿಂತೆ. ಹುಡುಗಿ ಕೇಳಲಿಲ್ಲ. 2024ರ ಮೇ ತಿಂಗಳಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಳು. ಅದರೊಡನೆ ಅಕ್ಕ ಪ್ರಮಾಣಪತ್ರ ಬರೆದುಕೊಟ್ಟಳು: ಗುಳಿಗೆ ತೆಗೆದುಕೊಳ್ಳುತ್ತಿರುವುದು ಗೊತ್ತಿದ್ದೂ ನಾಚಿಕೆಯಿಂದ ಇಲ್ಲವೆಂದು ಹೇಳಿದೆ, ಎಂದು. ನೋಟರಿ ಅದನ್ನು ನಾಲ್ಕು ಜನರ ನಡುವೆ ಗಟ್ಟಿಯಾಗಿ ಓದಿದ. ಅಕ್ಕ ತಲೆ ತಗ್ಗಿಸದೆ ಕೇಳಿ, ಸಹಿ ಮಾಡಿದಳು. ಅದರ ಕೆಳಗೆ ಸಾಕ್ಷಿಯೆಂದು ನಾನೂ ಮಾಡಿದೆ.