ತೋರು ಎಂಬ ಕುದುರೆ

ಈ ಸಂಚಿಕೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವನ್ನು ಕುರಿತ ಲೇಖನಗಳು ಹೆಚ್ಚಾಗಿರುವುದರಿಂದ ಮುಖಪುಟಕ್ಕೊಂದು ಕುದುರೆಯ ಚಿತ್ರ ಬೇಕೆಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ನನ್ನನ್ನು ಕೇಳಿದರು. ಕಿರ್ಗಿಸ್ತಾನದಲ್ಲಿ ತೆಗೆದ ಚಿತ್ರಗಳು ನನ್ನಲ್ಲಿ ರಾಶಿಯಾಗಿ ಬಿದ್ದಿರುವುದು ಅವರಿಗೆ ತಿಳಿದಿತ್ತು. "ಓಡುವ ಕುದುರೆಯೇ ಆಗಲಿ ಸರ್, ಸ್ವಲ್ಪ ಧೂಳೂ ಇರಲಿ" ಎಂದು ಒಬ್ಬಾಕೆ ಸೂಚಿಸಿದಳು. ನಾನು ಕೊಟ್ಟದ್ದು ನಿಂತ ಕುದುರೆಯ ಚಿತ್ರ. ಅದರಲ್ಲಿ ಧೂಳಿಲ್ಲ, ವೇಗವಿಲ್ಲ. ಬಾಲದ ತುದಿ ಚೌಕಟ್ಟಿನಾಚೆ ಕತ್ತರಿಸಿಹೋಗಿದೆ. ಮಕ್ಕಳು ಮರ್ಯಾದೆಯಿಂದ ಏನೂ ಹೇಳಲಿಲ್ಲ. ಆದರೂ ಕಾರಣ ತಿಳಿಸುವುದು ನನ್ನ ಕರ್ತವ್ಯವೆನಿಸಿತು.

2018ರ ಸೆಪ್ಟೆಂಬರಿನ ಮಾತು. ನನ್ನ ಅಣ್ಣನ ಮಗಳು ಆಗ ಬಿಷ್ಕೆಕ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಳು. ನಮ್ಮ ಕಾಸರಗೋಡಿನಿಂದ, ಮಂಗಳೂರಿನಿಂದ, ಕರ್ನಾಟಕದ ಬೇರೆ ಊರುಗಳಿಂದ ಅಲ್ಲಿಗೆ ಹೋಗುವ ಮಕ್ಕಳು ಸಾಕಷ್ಟಿದ್ದಾರೆ. "ಚಿಕ್ಕಪ್ಪ, ಇಲ್ಲಿ ಅಲೆಮಾರಿಗಳ ವಿಶ್ವ ಕ್ರೀಡಾಕೂಟ ನಡೆಯುತ್ತದೆ, ನಿಮ್ಮ ಕ್ಯಾಮೆರಾ ತಂದರೆ ಹಬ್ಬ" ಎಂದು ಅವಳು ಕರೆದಳು. ಒತ್ತೆಕೋಲದ ಕೆಂಡರಾಶಿಯನ್ನೂ ಕಂಬಳದ ಗದ್ದೆಯಿಂದ ಚಿಮ್ಮುವ ನೀರನ್ನೂ ವರ್ಷಾನುಗಟ್ಟಲೆ ಸೆರೆಹಿಡಿದವನೆಂಬ ಸಣ್ಣ ಅಹಂಕಾರ ನನ್ನಲ್ಲಿತ್ತು. ಇನ್ನೊಂದು ಕಾರಣವನ್ನೂ ಹೇಳಬೇಕು. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬರುವ ವಾಜಿವಾಹ್ಯಾಳಿ ವಿನೋದವನ್ನು, ಅಂದರೆ ಕುದುರೆಯೇರಿ ಆಡುವ ಚೆಂಡಾಟವನ್ನು, ನಾನು ಎಷ್ಟೋ ತಂಡಗಳಿಗೆ ಕಪ್ಪುಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದ್ದೇನೆ. ಹತ್ತು ಕುದುರೆಗಳು ಒಟ್ಟಿಗೆ ಓಡುವುದನ್ನು ಮಾತ್ರ ಆವರೆಗೆ ಕಣ್ಣಾರೆ ಕಂಡಿರಲಿಲ್ಲ.

ನಾನು ಚಿತ್ರಿಸಹೋದ ಆಟದ ಹೆಸರು ಕೋಕ್ ಬೋರು. ಕಿರ್ಗಿಜ್ ಭಾಷೆಯಲ್ಲಿ ಕೋಕ್ ಎಂದರೆ ನೀಲಿಯೂ ಹೌದು, ಬೂದುಬಣ್ಣವೂ ಹೌದು. ಬೋರು ಎಂದರೆ ತೋಳ. ಹಿಂಡಿಗೆ ನುಗ್ಗಿದ ತೋಳವನ್ನು ಕುರಿಗಾಹಿಗಳು ಕುದುರೆಯೇರಿ ಬೆನ್ನಟ್ಟಿ, ಕೊಂದ ಪ್ರಾಣಿಯನ್ನು ಒಬ್ಬರ ಕೈಯಿಂದೊಬ್ಬರು ಕಸಿದುಕೊಳ್ಳುತ್ತಿದ್ದರಂತೆ. ಆಟ ಹುಟ್ಟಿದ್ದು ಹಾಗೆ ಎಂದು ಅಲ್ಲಿಯವರು ಹೇಳುತ್ತಾರೆ. ಈಗ ತೋಳದ ಬದಲು ತಲೆ ಕಡಿದ ಆಡಿನ ದೇಹ. ಅದಕ್ಕೆ ಉಲಾಕ್ ಎನ್ನುತ್ತಾರೆ. ಭಾರ ಮೂವತ್ತು ಕಿಲೋದ ಆಸುಪಾಸು. ಅಫ್ಘಾನಿಸ್ತಾನದ ಬುಜ್‌ಕಶಿ, ಕಜಾಕರ ಕೋಕ್‌ಪಾರ್ ಇದರ ದಾಯಾದಿಗಳು. ಕಿರ್ಗಿಜರ ಆಟವನ್ನು ಯುನೆಸ್ಕೊ 2017ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಸ್ಸಿಕ್ ಕುಲ್ ಸರೋವರದ ದಡದ ಚೋಲ್ಪಾನ್ ಆತಾ ಊರಿನಲ್ಲಿ ಕಂಡ ಪಂದ್ಯಗಳ ಬಗ್ಗೆ ಹೆಚ್ಚು ಬರೆಯಲಾರೆ. ಅಲ್ಲಿ ಎಲ್ಲವೂ ಅಚ್ಚುಕಟ್ಟು. ಅಂಕಣದಲ್ಲಿ ಒಂದೊಂದು ತಂಡದ ನಾಲ್ವರು ಸವಾರರು, ಇಪ್ಪತ್ತು ನಿಮಿಷಗಳ ಮೂರು ಅವಧಿಗಳು, ಎರಡು ತುದಿಗಳಲ್ಲಿ ಬಾವಿಕಟ್ಟೆಯಂಥ ದುಂಡನೆಯ ಗುರಿ. ಅದರ ಹೆಸರು ತಾಯ್ ಕಜಾನ್. ಸವಾರ ನಾಗಾಲೋಟದಲ್ಲೇ ಜೀನಿನಿಂದ ಪಕ್ಕಕ್ಕೆ ಜೋತು ನೆಲದ ಉಲಾಕನ್ನು ಎತ್ತಿ, ತೊಡೆಯಡಿಗೆ ಸಿಕ್ಕಿಸಿಕೊಂಡು, ಎದುರಾಳಿಗಳ ನಡುವೆ ನುಗ್ಗಿ ಆ ಕಟ್ಟೆಯೊಳಗೆ ಅದನ್ನು ಕೆಡವಬೇಕು. ಚಾವಟಿ ಹಲ್ಲುಗಳ ನಡುವೆ ಇರುತ್ತದೆ, ಎರಡೂ ಕೈಗೆ ಬೇರೆ ಕೆಲಸವಿದೆಯಲ್ಲ. ಛಾಯಾಗ್ರಾಹಕರಿಗೆಂದು ಬೇಲಿ ಕಟ್ಟಿ ಜಾಗ ಗೊತ್ತುಮಾಡಿದ್ದರು. ನಮ್ಮಲ್ಲಿ ನೂರಾರು ಮಂದಿ ಒಂದೇ ಕೋನದಿಂದ ಒಂದೇ ಚಿತ್ರವನ್ನು ತೆಗೆದೆವು. ನನ್ನವೂ ಪತ್ರಿಕೆಗಳಲ್ಲಿ ಕಾಣುವಂಥವೇ ಆಗಿದ್ದವು. ಅದರಿಂದಲೇ ಅತೃಪ್ತಿ.

ಹಳ್ಳಿಗಳಲ್ಲಿ ಆಡುವ ಅಲಮನ್ ಉಲಾಕ್ ಬೇರೆಯೇ ಎಂದು ಅಲ್ಲಿ ಯಾರೋ ಅಂದರು. ಅದರಲ್ಲಿ ತಂಡಗಳಿಲ್ಲ, ಗೆರೆಯಿಲ್ಲ, ಬೇಲಿಯಿಲ್ಲ. ಕುದುರೆಯಿದ್ದವನು ಆಡುತ್ತಾನೆ, ಕಸಿದವನು ಗೆಲ್ಲುತ್ತಾನೆ. ಕೋಚ್ಕೋರ್ ಊರಿನಿಂದ ಮೇಲಕ್ಕೆ ಹತ್ತಿ ಹೋದರೆ ಸಿಗುವ ಹುಲ್ಲುಗಾವಲೊಂದಕ್ಕೆ ಮಗಳು ನನ್ನನ್ನು ಕರೆದೊಯ್ದಳು. ಮೇಯಿಸಲು ಬಂದ ಸಂಸಾರವೊಂದು ತಮ್ಮ ಉಣ್ಣೆಗುಡಾರದಲ್ಲಿ ನಮಗೆ ಜಾಗ ಕೊಟ್ಟಿತು. ಮನೆಯ ಯಜಮಾನ ಅರವತ್ತು ದಾಟಿದವನು, ಬಿಳಿಯ ಉಣ್ಣೆಯ ಎತ್ತರದ ಟೋಪಿಯವನು. ಅವನ ಮಗ ಮರುದಿನದ ಆಟಕ್ಕೆ ಇಳಿಯುವವನಿದ್ದ. ಕುದುರೆಯ ಹೆಸರೇನೆಂದು ಕೇಳಿದೆ. "ತೋರು" ಎಂದ. ಕನ್ನಡದ ಮೇಷ್ಟರ ಕಿವಿ ನಿಮಿರದಿರುತ್ತದೆಯೇ! ಅವರಲ್ಲಿ ತೋರು ಎಂದರೆ ಕಂದುಮೈ, ಕಪ್ಪು ಕೇಸರದ ಕುದುರೆ, ಬಣ್ಣವೇ ಹೆಸರು. ನಮ್ಮಲ್ಲಿ ಆ ಶಬ್ದಕ್ಕೆ ಏನರ್ಥವೆಂದು ನಾನು ಹೇಳಿದೆ. ಮಗಳು ಅದನ್ನು ರಷ್ಯನ್ನಿಗೆ ತಿರುಗಿಸಿದಳು. ಮುದುಕ ನಕ್ಕು, ಹಾಗಿದ್ದರೆ ನಾಳೆ ಅದು ನಿನಗೆ ತೋರಿಸುತ್ತದೆ ಎಂದ.

ಮರುದಿನ ಮಧ್ಯಾಹ್ನ ಬಯಲಿನಲ್ಲಿ ನೂರಕ್ಕೂ ಮೀರಿದ ಕುದುರೆಗಳು ಸೇರಿದ್ದವು. ಸವಾರರಲ್ಲಿ ಕೆಲವರ ತಲೆಯ ಮೇಲೆ ಸೋವಿಯತ್ ಕಾಲದ ಟ್ಯಾಂಕು ಚಾಲಕರ ಹಳೆಯ ಟೋಪಿ. ನೋಡಲು ಬಂದವರಲ್ಲಿಯೂ ಬಹುಪಾಲು ಮಂದಿ ಕುದುರೆಗಳ ಮೇಲೆಯೇ ಇದ್ದರು. ನೆಲದ ಮೇಲೆ ನಿಂತವರು ಲಾರಿಗಳ ಹತ್ತಿರ ನಿಂತಿದ್ದರು. ಇದರಲ್ಲಿಯೇ ಒಂದು ಪಾಠವಿತ್ತು, ನಾನು ಓದಿಕೊಳ್ಳಲಿಲ್ಲ. ಬೆಳಕು ಎದುರಿನಿಂದ ಬರಬೇಕು, ಧೂಳು ಹೊಳೆಯಬೇಕು ಎಂದು ಲೆಕ್ಕ ಹಾಕಿ ಬಯಲಿನ ಅಂಚಿನಿಂದ ಮೂವತ್ತು ಹೆಜ್ಜೆ ಒಳಗೆ ಮುಕ್ಕಾಲಿಯನ್ನು ಊರಿ, ಅದರ ಬುಡದಲ್ಲಿ ಚೀಲವನ್ನಿಟ್ಟು ನಿಂತೆ. ಯಜಮಾನ ಕುದುರೆಯ ಮೇಲಿನಿಂದ ಲಾರಿಯ ಕಡೆ ಕೈ ತೋರಿಸಿ ಎರಡು ಸಲ ಏನೋ ಕೂಗಿದ. ನನಗೆ ಅರ್ಥವಾಗಿತ್ತು. ಅರ್ಥವಾಗಲಿಲ್ಲವೆಂಬಂತೆ ಕೈ ಬೀಸಿದೆ.

ದೂರದಿಂದ ಅದು ಆಟವೆಂದು ಕಾಣುವುದೇ ಇಲ್ಲ. ಒಂದು ಕಂದು ಮುದ್ದೆ ನಿಂತಲ್ಲೇ ಕುದಿಯುತ್ತಿರುತ್ತದೆ; ನಡುವಿನಿಂದ ಉಗಿ ಏಳುತ್ತದೆ; ಕುದುರೆಗಳು ಎದೆಗೆ ಎದೆಯೊತ್ತಿ ತಳ್ಳುತ್ತವೆ. ಸವಾರನಿಗಿಂತ ಮೊದಲೇ ಕುದುರೆಗೆ ಉಲಾಕ್ ಎಲ್ಲಿದೆಯೆಂದು ತಿಳಿಯುತ್ತದೆಂದು ಹಿಂದಿನ ರಾತ್ರಿ ಕೇಳಿದ್ದೆ, ಆಗ ಕಂಡೆ. ತೋರು ಆ ಒತ್ತಡದಲ್ಲಿ ಕಿವಿಗಳನ್ನು ಹಿಂದಕ್ಕೆ ಮಡಿಸಿ, ಮೊಣಕಾಲನ್ನು ಕೊಂಚ ಬಾಗಿಸಿ, ತನ್ನ ಸವಾರನ ಕೈ ನೆಲಕ್ಕೆ ಎಟುಕುವಂತೆ ಭುಜವನ್ನು ತಗ್ಗಿಸಿ ಕೊಟ್ಟಿತು. ಯಾರೂ ಲಗಾಮು ಜಗ್ಗಲಿಲ್ಲ. ಹುಡುಗ ಎದ್ದಾಗ ಉಲಾಕ್ ಅವನ ತೊಡೆಯಡಿ ಇತ್ತು. ಮುದ್ದೆ ಒಡೆಯಿತು. ತೋರು ಹೊರಬಿತ್ತು, ಅದರ ಹಿಂದೆ ಇಡೀ ಬಯಲೇ ಹೊರಟು ಬಂತು, ನೇರವಾಗಿ ನನ್ನ ಕಡೆಗೆ.

ದೂರದ ಮಸೂರದಲ್ಲಿ ನೋಡುತ್ತಿರುವವನಿಗೆ ಎಲ್ಲವೂ ಹತ್ತಿರ ಕಾಣುತ್ತದೆ, ಆದ್ದರಿಂದ ನಿಜವಾಗಿ ಹತ್ತಿರ ಬಂದದ್ದು ತಿಳಿಯುವುದಿಲ್ಲ. ನೆಲದ ಅದುರು ಕಾಲಿಗೆ ತಾಕಿದಾಗ ಕ್ಯಾಮೆರಾವನ್ನು ಮುಕ್ಕಾಲಿಯಿಂದ ಕಿತ್ತುಕೊಂಡು ಓಡಿದೆ. ಮುಕ್ಕಾಲಿ, ಚೀಲ ಎರಡೂ ಅಲ್ಲೇ ಉಳಿದವು. ಲಾರಿಯ ಮರೆಗೆ ಸೇರಿ ತಿರುಗುವುದಕ್ಕೂ ತೋರುವಿನ ಮುಂಗಾಲು ಆ ಲೋಹದ ಕಾಲುಗಳ ನಡುವೆ ಸಿಕ್ಕಿಕೊಳ್ಳುವುದಕ್ಕೂ ಸರಿಹೋಯಿತು. ಕುದುರೆ ಮುಗ್ಗರಿಸಿತು. ಹುಡುಗ ಅದರ ಕತ್ತಿನ ಮೇಲಿನಿಂದ ಹಾರಿಬಿದ್ದ. ಹಿಂದಿನವರು ಎರಡಾಗಿ ಸೀಳಿ ಅಕ್ಕಪಕ್ಕದಿಂದ ಹಾದುಹೋದರು. ಅದು ಅವರ ಕೈಚಳಕ, ನನ್ನ ಪುಣ್ಯವಲ್ಲ.

ಆ ಹೊತ್ತಿನಲ್ಲಿ ನನ್ನ ಬೆರಳು ಗುಂಡಿಯನ್ನು ಒತ್ತುತ್ತಲೇ ಇತ್ತು. ಇದನ್ನು ಮುಚ್ಚಿಡಲಾರೆ. ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ, ಮತ್ತೊಂದು, ಮತ್ತೊಂದು.

ಹುಡುಗ ತಾನೇ ಎದ್ದು ಭುಜ ತಿರುಗಿಸಿ ನೋಡಿಕೊಂಡು, ಮೊದಲು ಕುದುರೆಯ ಬಳಿಗೆ ಹೋದ. ತೋರು ಎದ್ದಿತ್ತು, ಆದರೆ ಎಡ ಮುಂಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಯಜಮಾನ ಇಳಿದು ಬಂದು ಕಾಲಿನುದ್ದಕ್ಕೂ ಬೆರಳಾಡಿಸಿದ. ಬಾಗಿಹೋದ ಮುಕ್ಕಾಲಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ. ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಿತ್ತು.

ಸಂಜೆ ಆ ಉಲಾಕಿನ ಮಾಂಸವನ್ನು ಬೇರೆ ಗುಡಾರದಲ್ಲಿ ಬೇಯಿಸಿದರು. ಗೆದ್ದವನ ಪಾಲು ನಮ್ಮಲ್ಲಿಗೆ ಬರಲಿಲ್ಲ. ನಾನು ಜೇಬಿನಲ್ಲಿದ್ದ ಹಣವನ್ನೆಲ್ಲ ಮುಂದಿಟ್ಟು, ತಪ್ಪು ನನ್ನದೆಂದು ಹೇಳಲು ಮಗಳಿಗೆ ತಿಳಿಸಿದೆ. ಅವಳು ರಷ್ಯನ್ನಿನಲ್ಲಿ ಬಹಳ ಹೊತ್ತು ಮಾತಾಡಿದಳು, ಅವನು ಕಡಮೆ ಮಾತಿನಲ್ಲಿ ಉತ್ತರಿಸಿ ಹಣವನ್ನು ಹಿಂದಕ್ಕೆ ಸರಿಸಿದ. "ಉಲಾಕ್ ಎಂದರೆ ಬೀಳುವುದು ಇದ್ದದ್ದೇ ಅನ್ನುತ್ತಾರೆ ಚಿಕ್ಕಪ್ಪ" ಎಂದಳು. ಅವಳು ಅನುವಾದಿಸಿದ್ದು ಅವನಾಡಿದ ಮಾತನ್ನೋ ನನಗೆ ಬೇಕಾಗಿದ್ದ ಮಾತನ್ನೋ, ಇಂದಿಗೂ ಗೊತ್ತಿಲ್ಲ. ಎರಡು ಮೂರು ಭಾಷೆಗಳ ನಡುವೆ ಬದುಕುವ ನಮ್ಮ ಜಿಲ್ಲೆಯವರಿಗೆ ಈ ಸಂಶಯ ಹೊಸದಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಚಿಂಗೀಜ್ ಐತ್ಮಾತೊವ್ ಅವರ ಕಿರುಕಾದಂಬರಿಯಲ್ಲಿ ಮುದಿ ತಾನಾಬಾಯ್ ಸಾಯುತ್ತಿರುವ ತನ್ನ ಕುದುರೆ ಗುಲ್ಸಾರಿಯ ಪಕ್ಕದಲ್ಲಿ ರಾತ್ರಿ ಕಳೆಯುತ್ತಾನೆ. ಅದು ಬೇಡವೆಂದರೂ ನೆನಪಾಯಿತು. ಚಳಿಗಾಲಕ್ಕೆ ಮುನ್ನ ಆ ನಾಡಿನ ಮನೆಗಳಲ್ಲಿ ಮಾಂಸಕ್ಕಾಗಿ ಕುದುರೆ ಕಡಿಯುವ ವಾಡಿಕೆಯಿದೆ, ಸೋಗುಮ್ ಎನ್ನುತ್ತಾರೆ. ಕುಂಟುವ ಕುದುರೆಯನ್ನು ಹಿಮದ ತಿಂಗಳುಗಳಲ್ಲಿ ಯಾರು ಸಾಕಿಯಾರು? ಕಂಬಳಿಯ ಒಳಗೆ ಕ್ಯಾಮೆರಾದ ಪುಟ್ಟ ಪರದೆಯನ್ನು ಬೆಳಗಿಸಿ ನೋಡಿದೆ. ಬೀಳುತ್ತಿರುವ ತೋರುವಿನ ಚಿತ್ರ ನಾನು ಜೀವಮಾನದಲ್ಲಿ ತೆಗೆದ ಚಿತ್ರಗಳಲ್ಲೆಲ್ಲ ಶ್ರೇಷ್ಠವಾಗಿತ್ತು. ಧೂಳು ಬಂಗಾರದ್ದು. ಕೇಸರದ ಒಂದೊಂದು ಕೂದಲೂ ಸ್ಪಷ್ಟ. ಹಾರುತ್ತಿರುವ ಹುಡುಗನ ಹಲ್ಲುಗಳ ನಡುವೆ ಇನ್ನೂ ಚಾವಟಿಯಿದೆ. ಕೆಳಗೆ ಬಲಮೂಲೆಯಲ್ಲಿ ಮುಕ್ಕಾಲಿಯ ಒಂದು ಕಾಲು. ಅದನ್ನು ಕತ್ತರಿಸಿ ತೆಗೆದರೆ ಚಿತ್ರಕ್ಕೆ ಯಾವ ಊನವೂ ಆಗದು ಎಂದು ನನ್ನ ಮನಸ್ಸು ಆಗಲೇ ಅಳೆಯತೊಡಗಿತ್ತು. ಪರದೆಯನ್ನು ಆರಿಸಿದೆ.

ಬೆಳಿಗ್ಗೆ ಯಜಮಾನನೇ ಕರೆದ. ಅವನಿಗೆ ಆಟದ ಚಿತ್ರ ಬೇಡ. ಕುದುರೆಯ ಚಿತ್ರ ಬೇಕು; ಪಕ್ಕದಿಂದ, ನಿಂತಂತೆ, ಕಿವಿಯಿಂದ ಬಾಲದವರೆಗೆ ಪೂರ್ತಿ. ನನ್ನ ಸಾವಿರ ಚಿತ್ರಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಅವನು ಬಾಲವನ್ನು ಬಾಚಿದ್ದ, ಮೈಯ ಮಣ್ಣು ಒರೆಸಿದ್ದ, ಎಡಗಾಲಿಗೆ ಬಟ್ಟೆ ಸುತ್ತಿದ್ದ. ಹುಲ್ಲು ಎತ್ತರ ಬೆಳೆದ ಕಡೆ ಕುದುರೆಯನ್ನು ತಂದು, ಬಟ್ಟೆ ಕಾಣದಂತೆ ತಿರುಗಿಸಿ ತಿರುಗಿಸಿ ನಿಲ್ಲಿಸಿದ. ಹತ್ತಿರದಿಂದ ತೆಗೆಯುವ ಮಸೂರ ಚೀಲದೊಳಗೆ ಪುಡಿಯಾಗಿದ್ದುದರಿಂದ ದೂರದ್ದೇ ಗತಿ. "ಹಿಂದೆ, ಹಿಂದೆ" ಎಂದು ಅವನು ಕೈ ಮಾಡುತ್ತಿದ್ದ. ಹಿಂದಕ್ಕೆ ಸರಿದೆ, ಸರಿದೆ. ಬೆನ್ನ ಹಿಂದೆ ಹಿಮ ಕರಗಿದ ನೀರಿನ ಹಳ್ಳ ಹರಿಯುತ್ತಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಬಾಲವೂ ಬರುತ್ತಿತ್ತು. ಬೂಟು ತೋಯುತ್ತದೆಂದು ಇಡಲಿಲ್ಲ.

ಮಗಳು ಮುಂದಿನ ಏಪ್ರಿಲಿನಲ್ಲಿ ಗೆಳತಿಯರೊಡನೆ ಆ ಕಡೆ ಹೋದಾಗ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಒಯ್ದಳು. ಸಂಸಾರ ಇನ್ನೂ ಕೆಳಗಿನ ಹಳ್ಳಿಯ ಮನೆಯಲ್ಲಿತ್ತು. ತೋರು ಅಂಗಳದಲ್ಲಿ ಕಟ್ಟಿತ್ತಂತೆ, ನಡೆಯುತ್ತಿತ್ತಂತೆ. ಕುಂಟುತ್ತಿತ್ತೇ ಎಂದು ಕೇಳಿದರೆ, ಕುದುರೆ ಹೇಗೆ ನಡೆಯಬೇಕೆಂದು ತನಗೇನು ಗೊತ್ತು ಎಂದಳು. ಯಜಮಾನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಬಾಲದ ತುದಿ ಎಲ್ಲಿ ಎಂದು ಕೇಳಿದನಂತೆ. ಅವಳು ನನಗೆ ಫೋನು ಮಾಡಿ ಕೊಟ್ಟಳು. ನಾನು ಕ್ಯಾಮೆರಾ, ಮಸೂರ ಎಂದು ಏನೇನೋ ಹೇಳಿದೆ. ಬೂಟಿನ ವಿಷಯ ಹೇಳಲಿಲ್ಲ. ಆದರೂ ಚಿತ್ರವನ್ನು ಗೋಡೆಗೆ ಹಾಕಿದ್ದಾರೆ.

ಮುಖಪುಟಕ್ಕೆ ಅದನ್ನೇ ಕೊಟ್ಟಿದ್ದೇನೆ. ಇನ್ನೊಂದು ಚಿತ್ರವನ್ನು ಮಕ್ಕಳು ಕೇಳಬಾರದೆಂದು ಕೋರುತ್ತೇನೆ. ಬಾಲ ಕತ್ತರಿಸಿರುವುದು ಮುದ್ರಣಾಲಯದವರ ತಪ್ಪಲ್ಲ.